24ಕ್ಕೆ ಮೂರು: ಅದೃಷ್ಟವೆಷ್ಟು, ಕಸುಬೆಷ್ಟು?

1971ರ ಆಗಸ್ಟ್ 23, ಲಂಡನ್ನಿನ ಓವಲ್ ಮೈದಾನ. ಮೊದಲ ಇನ್ನಿಂಗ್ಸಿನಲ್ಲಿ 71 ರನ್ ಮುಂದಿದ್ದ ಇಂಗ್ಲೆಂಡ್, ಎರಡನೆಯದರಲ್ಲಿ ವಿಕೆಟ್ ಕಳೆದುಕೊಳ್ಳದೆ 23 ರನ್ ಮಾಡಿತ್ತು. ಲಕ್‌ಹರ್ಸ್ಟ್ ನೇರ ಹೊಡೆದ ಚೆಂಡು ನಮ್ಮ ಬಿ.ಎಸ್. ಚಂದ್ರಶೇಖರ್ ಕೈಗೆ ತಾಗಿ, ಬೌಲರ್ ಕಡೆಯ ವಿಕೆಟ್ಟಿಗೆ ಬಡಿಯಿತು. ಗೆರೆ ಬಿಟ್ಟು ಮುಂದೆ ಬಂದಿದ್ದ ಜೇಮ್ಸನ್ ರನ್ ಔಟ್. ಇನ್ನೊಂದು ರನ್ ಸೇರುವಷ್ಟರಲ್ಲಿ ಎಡ್ರಿಚ್ ಬೌಲ್ಡ್. ಅವನ ಹಿಂದೆಯೇ ಬಂದ ಫ್ಲೆಚರ್, ಸೋಲ್ಕರ್‌ಗೆ ಕ್ಯಾಚ್. 24ಕ್ಕೆ ಮೂರು.

ಡ್ರಿಲ್ ಮೇಷ್ಟ್ರಾಗಿದ್ದ ಕಾಲದಿಂದಲೂ ಸೋಗಾನೆ, ಮಲವಗೊಪ್ಪದ ಹುಡುಗರಿಗೆ ಈ ಕಥೆ ಹೇಳುತ್ತಾ ಬಂದಿದ್ದೇನೆ. ಪ್ರತಿ ಸಲವೂ ಒಬ್ಬನಾದರೂ "ಎಲ್ಲಾ ಲಕ್ಕು ಮೇಷ್ಟ್ರೇ" ಅನ್ನುತ್ತಾನೆ. ಜೇಮ್ಸನ್ ವಿಷಯದಲ್ಲಿ ನಾನೂ ಒಪ್ಪುತ್ತೇನೆ. ಅಂಥ ಹೊಡೆತಕ್ಕೆ ಬೌಲರ್ ಕೈ ಒಡ್ಡಬಹುದು, ಆದರೆ ಕೈಗೆ ತಾಗಿದ ಚೆಂಡು ಎಲ್ಲಿಗೆ ಹೋಗಬೇಕೆಂದು ಯಾರೂ ತೀರ್ಮಾನಿಸಲಾರರು. ಎಡ್ರಿಚ್ ವಿಷಯ ಬೇರೆ.

ಚಂದ್ರಶೇಖರ್ ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಪೋಲಿಯೊ ಬಡಿದು ಬಲಗೈ ಸೊರಗಿತು. ಅದೇ ಕೈಯಲ್ಲಿ ಅವರು ಬೌಲಿಂಗ್ ಕಲಿತರು. ಲೆಗ್ ಸ್ಪಿನ್ನರ್ ಅನ್ನುತ್ತೇವೆ, ಆದರೆ ಅವರ ಗೂಗ್ಲಿ, ಟಾಪ್ ಸ್ಪಿನ್ನುಗಳು ಸ್ಪಿನ್ನರುಗಳು ಸಾಮಾನ್ಯವಾಗಿ ಹಾಕುವ ವೇಗದವಲ್ಲ. ಆ ತೆಳ್ಳಗಿನ ತೋಳು ಚಾವಟಿಯ ಹಾಗೆ ಬೀಸಿ ಬರುತ್ತಿತ್ತು. 1968ರ ಆರಂಭದಿಂದ ಮೂರು ವರ್ಷಕ್ಕೂ ಮೇಲೆ ಅವರಿಗೆ ಟೆಸ್ಟ್ ಆಡಲಾಗಲಿಲ್ಲ. ಸ್ಕೂಟರ್ ಅಪಘಾತವೂ ಆಗಿತ್ತು. 1971ರ ಪ್ರವಾಸಕ್ಕೆ ಅವರನ್ನು ಆರಿಸಿದಾಗ ಆಯ್ಕೆ ಸಮಿತಿಯ ಅಧ್ಯಕ್ಷ ವಿಜಯ್ ಮರ್ಚೆಂಟ್, ಇದು ಲೆಕ್ಕ ಹಾಕಿ ಆಡುತ್ತಿರುವ ಜೂಜು ಎಂಬರ್ಥದ ಮಾತಾಡಿದ್ದರು.

ಎಡ್ರಿಚ್‌ಗೆ ಗೂಗ್ಲಿ ಹಾಕುವುದೆಂದು ಚಂದ್ರಶೇಖರ್ ಮನಸ್ಸು ಮಾಡಿದ್ದರಂತೆ. ಅಷ್ಟರಲ್ಲಿ ದಿಲೀಪ್ ಸರ್ದೇಸಾಯಿ, "ಮಿಲ್ ರೀಫ್ ಹಾಕು" ಅಂದರು. ಮಿಲ್ ರೀಫ್ ಆ ವರ್ಷ ಇಂಗ್ಲೆಂಡಿನ ಡರ್ಬಿ ಗೆದ್ದ ಕುದುರೆ. ನಮ್ಮ ಆಟಗಾರರು ಚಂದ್ರ ಅವರ ವೇಗದ ಚೆಂಡಿಗೆ ಆ ಹೆಸರಿಟ್ಟಿದ್ದರು. ಚಂದ್ರ ಮನಸ್ಸು ಬದಲಿಸಿದರು. ಎಡ್ರಿಚ್ ಬ್ಯಾಟು ಇಳಿಸುವ ಮೊದಲೇ ಚೆಂಡು ವಿಕೆಟ್ ಉರುಳಿಸಿತ್ತು.

ಸರ್ದೇಸಾಯಿ ಬಾಯಿಂದ ಆ ಮಾತು ಆ ಗಳಿಗೆಯಲ್ಲೇ ಬಂದದ್ದು ಅದೃಷ್ಟವಲ್ಲವೇ ಎಂದು ಹುಡುಗರು ಕೇಳುತ್ತಾರೆ. ಇರಲಿ. ಆದರೆ ಕೊನೆಗಳಿಗೆಯಲ್ಲಿ ಕೇಳಿದ ಚೆಂಡನ್ನು ಕೇಳಿದ ಜಾಗಕ್ಕೇ ಹಾಕುವ ಕೈ ಎಷ್ಟು ಜನಕ್ಕಿದೆ? ಗದ್ದೆ ಕೊಯ್ಲಾದ ಮೇಲೆ ಕೂಳೆ ಕೆತ್ತಿ, ನೀರು ಹಾಕಿ ಬಡಿದು ಮಾಡಿದ ಪಿಚ್ಚಿನಲ್ಲಿ ಕಾರ್ಕ್ ಬಾಲ್ ತಿರುಗಿಸಿದವನು ನಾನು. ಓಡಿ ಬರುತ್ತಾ ಮನಸ್ಸು ಬದಲಾದರೆ ಬೆರಳು ಕೇಳುವುದಿಲ್ಲ. ಚೆಂಡು ಒಂದೋ ಕಾಲಬುಡಕ್ಕೆ ಬೀಳುತ್ತದೆ, ಇಲ್ಲ ಫುಲ್ ಟಾಸ್ ಆಗುತ್ತದೆ. ಆ ಚೆಂಡಿನ ಬೆಲೆ ನನಗೆ ಗೊತ್ತಾದದ್ದು ಅಲ್ಲಿಯೇ.

ಇಂಗ್ಲೆಂಡ್ 101ಕ್ಕೆ ಆಲೌಟ್. ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್. ಜೇಮ್ಸನ್ ಆ ಆರರಲ್ಲಿ ಇಲ್ಲ; ರನ್ ಔಟ್ ಬೌಲರ್ ಲೆಕ್ಕಕ್ಕೆ ಬರುವುದಿಲ್ಲ. ಅದೃಷ್ಟದ ವಿಕೆಟ್ಟನ್ನು ಕಳೆದ ಮೇಲೂ ಆರು ಉಳಿಯಿತು!

ಮಾರನೆಯ ದಿನ ಗಣೇಶನ ಹಬ್ಬ. ಗೆಲ್ಲಲು 173 ಬೇಕಿತ್ತು. ನಮ್ಮ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಅವಸರ ಮಾಡದೆ ನಿಂತು 33 ಹೊಡೆದು, ಇನ್ನು ಮೂರು ರನ್ ಇರುವಾಗ ಔಟಾದರು. ಅಬಿದ್ ಅಲಿ ಬೌಂಡರಿ ಬಾರಿಸಿ ಆಟ ಮುಗಿಸಿದರು. ಇಂಗ್ಲೆಂಡ್ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್, ಮೊದಲ ಸರಣಿ. ನನ್ನಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಆ ಸಂಜೆ ನಮ್ಮ ಸಾಲಿನ ಮನೆಗಳಲ್ಲಿ ವಿಶಿ ಹೆಸರಿಗೆ ಗಣೇಶನಷ್ಟೇ ಜೈಕಾರ ಬಿದ್ದಿತ್ತು.

1974ರ ರಣಜಿ ಸೆಮಿಫೈನಲ್ಲಿನಲ್ಲೂ ಅದೃಷ್ಟ, ಕಸುಬು ಎರಡೂ ಬೆರೆತಿದ್ದವು. ಬೆಂಗಳೂರಿನಲ್ಲಿ ಬಾಂಬೆ ಎದುರು ವಿಶಿ ಎದುರಿಸಿದ ಮೊದಲ ಚೆಂಡಿಗೇ ಜೋರು ಎಲ್‌ಬಿಡಬ್ಲ್ಯು ಮನವಿ, ಅಂಪೈರ್ ಕೊಡಲಿಲ್ಲ. ವಿಶಿ 162 ಹೊಡೆದರು. ಬಾಂಬೆ ಆಡುವಾಗ ಕ್ಯಾಪ್ಟನ್ ವಾಡೇಕರ್ ಕಾಲು ಜಾರಿ ರನ್ ಔಟಾದರು. ಎರಡೂ ನಮ್ಮ ಅದೃಷ್ಟ. ಆದರೆ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ ಪ್ರಸನ್ನ ಅವರ ಚೆಂಡಿಗೆ ಅದೃಷ್ಟದ ಹಂಗು ಇರಲಿಲ್ಲ. ಸತತ 15 ವರ್ಷ ರಣಜಿ ಗೆದ್ದಿದ್ದ ಬಾಂಬೆ ಅಲ್ಲಿ ನಿಂತಿತು. ಕರ್ನಾಟಕ ಆ ಸಲ ಮೊದಲ ಬಾರಿ ರಣಜಿ ಎತ್ತಿತು.

1993ರಲ್ಲಿ ಮೈಕ್ ಗ್ಯಾಟಿಂಗ್‌ಗೆ ಹಾಕಿದ ಚೆಂಡು ಅದೃಷ್ಟದಿಂದ ಹಾಗೆ ಬಿತ್ತೆಂದು ಶೇನ್ ವಾರ್ನ್ ಹೇಳಿಕೊಂಡದ್ದುಂಟು. ಅದು ದೊಡ್ಡವರ ವಿನಯ. ಲೆಗ್ ಸ್ಟಂಪಿನ ಆಚೆ ಬಿದ್ದು ಆಫ್ ಸ್ಟಂಪ್ ತಾಗುವಷ್ಟು ತಿರುಗು ಮಣಿಕಟ್ಟಿನಿಂದ ಬರಬೇಕು. ಟೆಸ್ಟಿನಲ್ಲಿ 708 ವಿಕೆಟ್ ತೆಗೆದವನಿಗೆ ಅದೃಷ್ಟ ಒಂದು ಚೆಂಡಿನಲ್ಲಿ ಇಷ್ಟು ನೆರವಾಗಿರಬಹುದು, ಅಷ್ಟೇ.

ಈಗ ಸೋಗಾನೆಗೆ ವಿಮಾನ ಬರುತ್ತದೆ, ನವುಲೆಯಲ್ಲಿ ರಣಜಿ ಪಂದ್ಯ ನಡೆಯುತ್ತದೆ. ಹುಡುಗರ ಟೂರ್ನಮೆಂಟುಗಳು ಮಾತ್ರ ಟೆನಿಸ್ ಬಾಲಿನ ಕೆಲವೇ ಓವರುಗಳವು. ಲೆಗ್ ಸ್ಪಿನ್ ಹಾಕುವ ಹುಡುಗ ಒಂದು ಸಿಕ್ಸ್ ಕೊಟ್ಟರೆ ಸಾಕು, ಕ್ಯಾಪ್ಟನ್ ಅವನ ಕೈಗೆ ಮತ್ತೆ ಬಾಲ್ ಕೊಡುವುದಿಲ್ಲ. ಟೂರ್ನಮೆಂಟ್ ನಡೆಸುವವರಲ್ಲಿ ನನ್ನದೊಂದು ವಿನಂತಿ: ಪ್ರತಿ ತಂಡವೂ ಎರಡು ಓವರ್‌ಗಳನ್ನಾದರೂ ಲೆಗ್ ಸ್ಪಿನ್ನರ್‌ಗೇ ಕೊಡಬೇಕೆಂದು ನಿಯಮ ಮಾಡಿ.