ಸುಳಿ

ಬೆಂಗಳೂರು ಸೇರಿದ ನೆಂಟ ಬಹಳ ದಿನದ ಮೇಲೆ ತುರುವೇಕೆರೆಗೆ ಬಂದರೆ ಮೊದಲ ಮಾತು ಇದು: ‘ಏನಪ್ಪ, ಈ ಕಡೆ ಸುಳೀಲೇ ಇಲ್ವಲ್ಲ!’ ಅದರಲ್ಲಿ ಆಕ್ಷೇಪಣೆಯೂ ಇದೆ, ಅಕ್ಕರೆಯೂ ಇದೆ. ಇಲ್ಲಿ ಸುಳಿಯುವುದೆಂದರೆ ಒಂದು ಗಳಿಗೆ ಮುಖ ತೋರಿಸಿ ಹೋಗುವುದು, ಅಷ್ಟೆ.

ಅದೇ ಜನ ತೋಟಕ್ಕೆ ಇಳಿದರೆ ಮಾತಿನ ತೂಕವೇ ಬೇರೆ. ತೆಂಗಿನ ನೆತ್ತಿಯಲ್ಲಿ ಇನ್ನೂ ಬಿಚ್ಚದೆ ನೆಟ್ಟಗೆ ನಿಂತ ಎಳೆಗರಿಯೇ ಸುಳಿ. ಮಾವನ್ನೋ ಹುಣಸೆಯನ್ನೋ ಕಡಿದರೆ ಪಕ್ಕದಲ್ಲಿ ಚಿಗುರುತ್ತದೆ. ತೆಂಗಿಗೆ ಬೆಳೆಯುವ ಜಾಗ ಒಂದೇ. ಕುರುವಾಯಿ ದುಂಬಿ ಅಲ್ಲಿ ಕೊರೆದರೆ ಗರಿ ಬಿಚ್ಚಿದ ಮೇಲೆ ಕತ್ತರಿ ಆಡಿಸಿದ ಹಾಗೆ ಕಾಣುತ್ತದೆ, ಆದರೂ ಮರ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಸುಳಿ ಕೊಳೆ ರೋಗ ತಗಲಿ ಎಳೆಗರಿ ಎಳೆದ ಕೂಡಲೇ ಕೈಗೆ ಬಂತೋ, ಸಕಾಲಕ್ಕೆ ಮದ್ದು ಬೀಳದಿದ್ದರೆ ಆ ಮರದ ಆಸೆ ಬಿಡಬೇಕು. ‘ಸುಳಿ ಹೋಯ್ತು’ ಅಂದರೆ ಮರ ಹೋಯ್ತು ಅಂತಲೇ.

ದನದ ಜಾತ್ರೆಯಲ್ಲಿ ಹಲ್ಲು ನೋಡಿದ ಮೇಲೆ ಕಣ್ಣು ಹೋಗುವುದು ಎತ್ತಿನ ಮೈಮೇಲಿನ ಸುಳಿಗಳ ಮೇಲೆ. ಲಕ್ಷಣದ ಹೋರಿಗೂ ಕೆಟ್ಟ ಸುಳಿಯೊಂದಿದ್ದರೆ ಬೆಲೆ ಇಳಿಯುತ್ತದೆ. ಹುಡುಗನ ತಲೆಯಲ್ಲಿ ಎರಡು ಸುಳಿ ಇದ್ದರೆ ಎರಡು ಮದುವೆಯಂತೆ. ಇದರಿಂದ ಯಾರ ಬೆಲೆಯೂ ಇಳಿದದ್ದನ್ನು ನಾನು ಕಂಡಿಲ್ಲ.

ರಾಗಿ ಕುಯಿಲಿನ ಹೊತ್ತಿಗೆ, ಚಳಿ ಮೆಲ್ಲಗೆ ಕೂರುವಾಗ, ತೋಟದ ಬದುವಿನ ಹೊಂಗೆಯಲ್ಲಿ ಹತ್ತು ಗ್ರಾಂ ಕೂಡ ತೂಗದ ಹಸಿರುಬೂದು ಹಕ್ಕಿಯೊಂದು ‘ಚಿವೀಟ್’ ಎನ್ನುತ್ತ ಎಲೆಯಿಂದ ಎಲೆಗೆ ಹಾರುತ್ತಿರುತ್ತದೆ. ಪುಸ್ತಕದವರು ಇದನ್ನು ಎಲೆ ಉಲಿಯಕ್ಕಿ ಎನ್ನುತ್ತಾರೆ. ಚೆಂದದ ಹೆಸರು, ಆದರೆ ಬಾಯಿಂದ ಬಾಯಿಗೆ ಬಂದದ್ದಲ್ಲ. ತೋಟದವರನ್ನು ಕೇಳಿದರೆ ‘ಅದ್ಯಾವುದೋ ಸಣ್ಣ ಹಕ್ಕಿ, ಸುಳಿದಾಡ್ತಿರುತ್ತೆ’ ಎಂಬ ಉತ್ತರ ಬರುತ್ತದೆ. ನನಗೆ ಈ ಉತ್ತರವೇ ಹೆಚ್ಚು ಸರಿ ಎನಿಸುತ್ತದೆ.

ಬಡಗಣ ನಾಡಿನ ಪಾರ್ಕಿನಲ್ಲಿ ಚಳಿ ಬಿದ್ದ ಮೇಲೂ ಉಲಿಯಕ್ಕಿ ಉಳಿದಿದ್ದರೆ ಹಕ್ಕಿ ನೋಡುವವರಿಗೆ ಅದು ಸುದ್ದಿ. ತೆಂಕಣಕ್ಕೆ ಹೊರಡಬೇಕಿದ್ದದ್ದು ಇನ್ನೂ ಯಾಕಿದೆ ಎಂದು. ನಮ್ಮ ಉಲಿಯಕ್ಕಿಗೆ ಆ ತೆಂಕಣವೇ ನಾವು. ಹಿಮಾಲಯದಿಂದ, ಮಧ್ಯ ಏಷ್ಯಾದಿಂದ ಸೆಪ್ಟೆಂಬರ್ ಸುಮಾರಿಗೆ ಬಂದದ್ದು ಏಪ್ರಿಲ್‌ವರೆಗೂ ಇರುತ್ತದೆ. ಲಾಲ್‌ಬಾಗ್, ಕಬ್ಬನ್ ಪಾರ್ಕಿನ ಮರಗಳಲ್ಲೂ ಇದೇ ಹಕ್ಕಿ. ಅಲೆಮಾರಿಯ ಹಾಗೆ ಕಂಡರೂ ಅದಕ್ಕೊಂದು ಠಾವು ಉಂಟು. ಪಕ್ಷಿವಿಜ್ಞಾನಿ ಟ್ರೆವರ್ ಪ್ರೈಸ್ ಇದರ ಚಳಿಗಾಲದ ಬದುಕಿನ ಬಗ್ಗೆ 1981ರಲ್ಲೇ ಬರೆದರು. ಆಮೇಲೆ ಮಧುಸೂದನ ಕಟ್ಟಿ ತಮಿಳುನಾಡಿನ ಮುಂಡಂತುರೈ ಕಾಡಿನಲ್ಲಿ ಇವುಗಳ ಬೆನ್ನು ಹತ್ತಿದರು. ಒಂದೊಂದು ಹಕ್ಕಿಯೂ ತನ್ನದೇ ಮರಗಳ ಗುಂಪನ್ನು ಹಿಡಿದುಕೊಂಡು, ಕೂಗಿ ಕೂಗಿ ಮಿಕ್ಕವನ್ನು ಹೊರಗಿಡುತ್ತದೆ. ಹಾಗಾದರೆ ಆ ‘ಚಿವೀಟ್’ ಹಾಡಲ್ಲ, ಬದುವಿನ ತಕರಾರು. ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನೀರಿನ ಸುಳಿಯಲ್ಲಿ ನೀರು ಸರಿದುಹೋಗುತ್ತಿದ್ದರೂ ಸುಳಿ ಇದ್ದಲ್ಲೇ ಇರುತ್ತದೆ. ಹಕ್ಕಿಯ ಸುಳಿದಾಟವೂ ಈ ಜಾತಿಯದೇ, ನೆಂಟನದಲ್ಲ.

ಇನ್ನೂ ದೊಡ್ಡ ಸುಳಿಯೊಂದು ಇದರ ವಂಶದಲ್ಲೇ ಇದೆ. ಹಿಮಾಲಯದ ಕಡೆಯಿಂದ ಈ ಹಕ್ಕಿಯ ಸಂತತಿ ಟಿಬೆಟ್ ಪ್ರಸ್ಥಭೂಮಿಯ ಎಡಕ್ಕೂ ಬಲಕ್ಕೂ ಹಬ್ಬುತ್ತ ಹೋಗಿ ಸೈಬೀರಿಯಾದಲ್ಲಿ ಮತ್ತೆ ಎದುರಾಯಿತು. ಅಷ್ಟರಲ್ಲಿ ಹಾಡು ಬದಲಾಗಿ ಒಂದಕ್ಕೊಂದರ ಗುರುತೇ ಸಿಗದೆ, ಎರಡು ಕಡೆಯವೂ ಬಹುಮಟ್ಟಿಗೆ ಕೂಡುವುದಿಲ್ಲ. 1938ರಲ್ಲಿ ಪಕ್ಷಿತಜ್ಞ ಟೈಸ್‌ಹರ್ಸ್ಟ್ ಊಹಿಸಿದ್ದನ್ನು 2001ರಲ್ಲಿ ಡ್ಯಾರೆನ್ ಅರ್ವಿನ್ ಮತ್ತು ಜೊತೆಯವರು ಹಾಡು, ವಂಶವಾಹಿಗಳ ಆಧಾರದಲ್ಲಿ ತೋರಿಸಿದರು.

ಗಂಡು ಹೆಣ್ಣೆಂಬ ಭೇದ ಆತ್ಮಕ್ಕಿಲ್ಲ ಎನ್ನುವಾಗ ಜೇಡರ ದಾಸಿಮಯ್ಯ ಆತ್ಮಕ್ಕೆ ಹಚ್ಚಿದ ಕ್ರಿಯಾಪದವೂ ಸುಳಿಯೇ. ನಮ್ಮ ಉಲಿಯಕ್ಕಿಯಲ್ಲಿ ಗಂಡಾವುದು, ಹೆಣ್ಣಾವುದು ನೋಡಿ ಹೇಳುವ ಹಾಗಿಲ್ಲ; ವಚನಕಾರನಿಗೆ ಗೊತ್ತಿದ್ದರೆ ಖುಷಿಪಡುತ್ತಿದ್ದ.

ನೋಡಬೇಕೆನ್ನುವವರು ಬೆಳಗಿನ ಏಳರ ಹೊತ್ತಿಗೆ ಹೊಂಗೆಯ ಕೆಳಗೆ ನಿಂತು ಮೊದಲು ಕಿವಿ ಕೊಡಲಿ. ಹುಬ್ಬಿನ ಜಾಗದಲ್ಲಿ ಉದ್ದದ ಮಾಸಲು ಗೆರೆ, ರೆಕ್ಕೆಯ ಮೇಲೆ ಇನ್ನೊಂದು ತೆಳು ಪಟ್ಟಿ, ಗುರುತು ಅಷ್ಟೇ. ಕತ್ತು ಹಿಡಿದುಕೊಂಡರೆ ಚಿಂತೆಯಿಲ್ಲ, ಕೊಬ್ಬರಿ ಎಣ್ಣೆಗೆ ಈ ಸೀಮೆಯಲ್ಲಿ ಬರವಿಲ್ಲ.