ಕಪಿಲೆಯ ತೇಪೆ

ಕೆರೆ ಕಟ್ಟಿಸಿದ ದೊರೆಗೆ ಶಾಸನ ಉಂಟು. ಕಪಿಲೆಯ ತೊಗಲಿಗೆ ತೇಪೆ ಹಾಕಿದವನಿಗೆ ಎಲ್ಲಿದೆ ಶಾಸನ?

1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಪಿಲೆಯ ಬಗ್ಗೆ ಬರೆದಿದ್ದಾನೆ. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ತೊಗಲಿನ ಚೀಲ ನೀರು ತುಂಬಿಕೊಂಡು ಬಾವಿಯಿಂದ ಮೇಲೇರುತ್ತಿತ್ತು. ಕಲ್ಲಿಗೆ ಉಜ್ಜಿ ಉಜ್ಜಿ ಅದು ಹರಿಯುತ್ತಿತ್ತು. ಬೆರಳು ತೂರುವಷ್ಟು ಹರಿದರೂ ಸಾಕು, ನೀರು ಬಾವಿಗೇ ವಾಪಸ್ಸು. ನೀರಿನ ಭಾರಕ್ಕೆ ಹರಕು ದಿನದಿನಕ್ಕೆ ದೊಡ್ಡದು.

ಆಗ ಕೇರಿಗೆ ಕರೆ ಹೋಗುತ್ತಿತ್ತು. ಮಾದಿಗ ಬಂದು ತೊಗಲನ್ನು ನೆನೆಸಿ ಮೆದು ಮಾಡಿ, ಹರಕಿಗಿಂತ ಅಗಲದ ತುಂಡು ಇಟ್ಟು, ಉಳಿಯಿಂದ ತೂತು ತೆಗೆದು, ತೊಗಲಿನ ಎಳೆಯಿಂದಲೇ ಬಿಗಿದು ಹೊಲಿಯುತ್ತಿದ್ದ. ನೂಲಾದರೆ ಕೊಳೆತೀತು, ತೊಗಲಿನ ಎಳೆ ನೆನೆದು ಉಬ್ಬಿ ತೂತು ಮುಚ್ಚೀತು. ಇದು ವಿಜ್ಞಾನ ಅಲ್ವೆ? ಕೂಲಿ ಏನು? ಸುಗ್ಗಿಯಲ್ಲಿ ಕಣದಂಚಿಗೆ ನಿಂತು ಪಡೆವ ಆಯದ ಕಾಳು.

ಅವನು ಹೊಲಿದ ತೊಗಲಲ್ಲಿ ಬಂದ ನೀರು ತೋಟಕ್ಕೆ ಆಯ್ತು. ಆ ನೀರಲ್ಲಿ ಬೆಳೆದದ್ದು ಊರ ಬಾಯಿಗೆ ರುಚಿಸಿತು. ಅವನ ಕೊಡ ತಾಕಿದರೆ ಮಾತ್ರ ಬಾವಿ ಮೈಲಿಗೆ! ಈ ಸುಳ್ಳು ಒಂದೂರಿನದಲ್ಲ, ಒಂದು ಸೀಮೆಯದೂ ಅಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಕುಡಿದದ್ದು ಇದನ್ನು ಮುರಿಯಲಿಕ್ಕೇ. ಸಾರ್ವಜನಿಕ ಬಾವಿ, ಕೆರೆಗಳಲ್ಲಿ ಜಾತಿಯ ಹೆಸರಲ್ಲಿ ಯಾರನ್ನೂ ತಡೆಯಕೂಡದೆಂದು 1950ರ ಸಂವಿಧಾನದ 15ನೇ ವಿಧಿ ಸಾರಿತು.

ಕರೆಂಟಿನ ಪಂಪು ಬಂತು, ಕಪಿಲೆ ಹೋಯ್ತು. ಅದರ ಹಿಂದೆಯೇ ಆಯದ ಕಾಳೂ ಹೋಯ್ತು. ಮೈಲಿಗೆ ಹೋಯ್ತೆ?

ಮೇಷ್ಟ್ರುಗಳೇ, ನೀರಾವರಿಯ ಪಾಠ ಮಾಡುವಾಗ ದೊರೆಗಳ ಜೊತೆಗೆ ಉಳಿ ಹಿಡಿದ ಆ ಕೈಯನ್ನೂ ಮಕ್ಕಳಿಗೆ ಹೇಳಿ.