ಜೀವಕೋಶದ ಮಡಿಕೆಗಳು ಯಾರ ಬಳುವಳಿ?

ಚಿತ್ರದುರ್ಗ ಜಿಲ್ಲೆಯ ಐಮಂಗಲಕ್ಕೆ ಸಮೀಪದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಬಂಡೆಗಳಿವೆ. ನೀರಿನೊಳಗೆ ಉಕ್ಕಿದ ಲಾವಾ ಥಟ್ಟನೆ ತಣಿದರೆ ಈ ಆಕಾರ ಬರುತ್ತದೆ. ಇಂದು ಮಳೆಗಾಗಿ ಮುಗಿಲು ನೋಡುವ ಈ ನೆಲ ಸುಮಾರು 250 ಕೋಟಿ ವರ್ಷಗಳ ಹಿಂದೆ ಕಡಲ ತಳವಾಗಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಅಂದಿನ ಕಡಲಿನಲ್ಲಿ ಮೀನಿರಲಿಲ್ಲ, ಗಿಡವಿರಲಿಲ್ಲ. ಇದ್ದವು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಮಾತ್ರ. ನಮ್ಮ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ರೂಪುಗೊಂಡದ್ದು ಅನಂತರದ ಕಾಲದಲ್ಲಿ ಎಂಬುದು ಬಹುಪಾಲು ವಿಜ್ಞಾನಿಗಳ ಅಭಿಪ್ರಾಯ.

ಮೈಟೊಕಾಂಡ್ರಿಯಾಕ್ಕೆ ಎರಡು ಪೊರೆಗಳಿವೆ. ಪುಟ್ಟ ಪೆಟ್ಟಿಗೆಯಲ್ಲಿ ಉದ್ದನೆಯ ಸೀರೆ ಇಟ್ಟಂತೆ ಒಳಪೊರೆ ಮಡಿಕೆ ಮಡಿಕೆಯಾಗಿದೆ. ಇದಕ್ಕೆ ಕಾರಣವೂ ಇದೆ. ಪೊರೆಯ ಒಂದು ಬದಿಯಲ್ಲಿ ಪ್ರೋಟಾನುಗಳು ಒತ್ತಾಗಿ ಸೇರಿ, ಅಣೆಕಟ್ಟೆಯ ನೀರಿನಂತೆ ಮರಳಿ ಹರಿಯುವಾಗ ಶಕ್ತಿ ದೊರೆಯುತ್ತದೆಂದು 1961ರಲ್ಲಿ ಪೀಟರ್ ಮಿಚೆಲ್ ವಿವರಿಸಿದರು. 1978ರಲ್ಲಿ ಅವರಿಗೆ ನೊಬೆಲ್ ಬಂತು. ಪೊರೆ ವಿಶಾಲವಾದಷ್ಟೂ ಶಕ್ತಿ ಹೆಚ್ಚು.

ಹಾಗಾದರೆ ಈ ಮಡಿಕೆ ಯಾರ ಸೊತ್ತು? ಮೈಟೊಕಾಂಡ್ರಿಯಾ ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು, ಬೇರೊಂದು ಕೋಶದೊಳಗೆ ಸೇರಿ ಅಲ್ಲೇ ಉಳಿಯಿತು ಎಂದು ಲಿನ್ ಮಾರ್ಗುಲಿಸ್ 1967ರಲ್ಲಿ ವಾದಿಸಿದರು. ಆರಂಭದಲ್ಲಿ ಹಲವರು ಒಪ್ಪಲಿಲ್ಲ. ಮುಂದೆ ಮೈಟೊಕಾಂಡ್ರಿಯಾದ ಸ್ವಂತ ಡಿಎನ್ಎಯನ್ನು ಹೋಲಿಸಿ ನೋಡಿದಾಗ ಅದರ ನೆಂಟರು ಆಲ್ಫಾಪ್ರೋಟಿಯೊಬ್ಯಾಕ್ಟೀರಿಯಾ ಎಂಬ ಗುಂಪಿನವೆಂದು ತಿಳಿಯಿತು.

ಈ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಇಂದಿಗೂ ಒಳಪೊರೆಗಳಿವೆ. ಬೆಳಕಿನಿಂದ ಬದುಕುವ ನೇರಳೆ ಬ್ಯಾಕ್ಟೀರಿಯಾ, ಭತ್ತದ ಗದ್ದೆಯ ಕೆಸರಿನಲ್ಲಿ ಮೀಥೇನ್ ಉಣ್ಣುವ ಬ್ಯಾಕ್ಟೀರಿಯಾ ಇದಕ್ಕೆ ಉದಾಹರಣೆ. ಮೈಟೊಕಾಂಡ್ರಿಯಾದಲ್ಲಿ ಮಡಿಕೆ ಮೂಡಿಸುವ ಪ್ರೋಟೀನುಗಳಲ್ಲಿ ಮಿಕ್60 ಮುಖ್ಯವಾದದ್ದು. ಇದರ ಪೂರ್ವರೂಪ ಈ ಬ್ಯಾಕ್ಟೀರಿಯಾಗಳಲ್ಲೂ ಇದೆಯೆಂದು 2015ರಲ್ಲಿ ಪ್ರಕಟವಾಯಿತು. ನೇರಳೆ ಬ್ಯಾಕ್ಟೀರಿಯಾದ ಒಳಪೊರೆ ಬೆಳೆಯುವುದರಲ್ಲಿ ಅದರ ಪಾತ್ರವಿದೆಯೆಂದು 2023ರ ಪ್ರಯೋಗಗಳು ತೋರಿಸಿದವು. ಮನೆಗೆ ಬಂದ ಅತಿಥಿ ಬರಿಗೈಯಲ್ಲಿ ಬರಲಿಲ್ಲ, ಮಡಿಸುವ ವಿದ್ಯೆಯನ್ನೂ ತಂದಿತೆಂದು ಇದರಿಂದ ಊಹಿಸಬಹುದು.

ಆದರೆ ಎಲ್ಲ ಒಳಪೊರೆಗಳಿಗೂ ಒಂದೇ ಮೂಲವಲ್ಲ. ಸಯನೋಬ್ಯಾಕ್ಟೀರಿಯಾದ ಒಳಪೊರೆ ಬೇರೆಯೇ ವಂಶದ್ದು. ಅಂಥ ಪೊರೆಯ ಸುಮಾರು 175 ಕೋಟಿ ವರ್ಷ ಹಳೆಯ ಪಳೆಯುಳಿಕೆ ಆಸ್ಟ್ರೇಲಿಯಾದ ಶಿಲೆಯಲ್ಲಿ ಸಿಕ್ಕಿರುವುದಾಗಿ 2024ರಲ್ಲಿ ವರದಿಯಾಯಿತು. ಇಷ್ಟು ಮೃದುವಾದ ಪೊರೆ ಕಲ್ಲಿನಲ್ಲಿ ಉಳಿಯುವುದು ತೀರಾ ಅಪರೂಪ. ಮರಡಿಹಳ್ಳಿಯ ಬಂಡೆ ಅಂದಿನ ಕಡಲಿನ ಕಥೆ ಹೇಳುತ್ತದೆ. ಪೊರೆಯ ಕಥೆಯನ್ನು ಮಾತ್ರ ಹೆಚ್ಚಾಗಿ ಬದುಕಿರುವ ಜೀವಕೋಶಗಳಲ್ಲೇ ಓದಬೇಕಾಗಿದೆ.